ಹಿಂದಿನ ಸಾಲಿನ ನಾಯಿಗಳು

ನಾಯಿ ಟೀಚರ್ ಕೂತು ಚಹಾ ಕುಡಿದದ್ದನ್ನು ಕಂಡವರು ಆ ನಾಯಿಗಳ ಆಶ್ರಯ ಕೇಂದ್ರದಲ್ಲಿ ಯಾರೂ ಇಲ್ಲ. ಬೆಳಗಿನ ಲೋಟ ಕಿಟಕಿಯ ಮೇಲೆ, ಹನ್ನೊಂದರ ಲೋಟ ತೂಕದ ಯಂತ್ರದ ಪಕ್ಕ. ಎರಡೂ ಅರ್ಧರ್ಧ ಉಳಿದು ಆರಿ ತಣ್ಣಗಾಗಿರುತ್ತವೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಗಂಡನ ದೂರು. ಮೊದಲು ಮಕ್ಕಳ ಶಾಲೆಯಲ್ಲಿದ್ದಳು. ಮಕ್ಕಳಿಗೆ ಕೂರಲು ಹೇಳಿ ತಾನು ಕೂರಲಾಗದೆ ಆ ಕೆಲಸ ಬಿಟ್ಟಳು. ಹತ್ತೊಂಬತ್ತು ವರ್ಷಗಳಿಂದ ನಾಯಿಗಳಿಗೆ ಕೂರುವುದನ್ನು ಕಲಿಸುತ್ತಿದ್ದಾಳೆ. ನಗಬೇಡಿ, ಚೆನ್ನಾಗಿಯೇ ಕಲಿಸುತ್ತಾಳೆ. ಹೊಡೆತ ತಿಂದು ಮೂಲೆ ಸೇರಿದ ಎಷ್ಟೋ ನಾಯಿಗಳು ಅವಳ ಕೈಯಲ್ಲಿ ತಿಂಗಳೊಳಗೆ ಬಾಲ ಆಡಿಸಿವೆ.

ಪರೀಕ್ಷೆಯೂ ಅವಳದೇ. ನಾಯಿ ತಿನ್ನುತ್ತಿರುವಾಗ, ಕೋಲಿನ ತುದಿಗೆ ಕಟ್ಟಿದ ರಬ್ಬರ್ ಕೈಯಿಂದ ಬಟ್ಟಲನ್ನು ಮೆಲ್ಲಗೆ ಎಳೆಯಬೇಕು. ಸುಮ್ಮನಿದ್ದರೆ ಮುಂದಿನ ಸಾಲು. ಸಾಕಲು ನಾಯಿ ಬೇಕೆಂದು ಬರುವವರು ನೋಡುವುದು ಅದೊಂದನ್ನೇ. ಮೂರು ಸಲ ಕಚ್ಚಿದರೆ ಅವಳ ಸಹಿಯ ಹಳದಿ ಚೀಟಿ, ಹಿಂದಿನ ಸಾಲು. ಅಲ್ಲಿ ಹೊಟ್ಟೆಗೆ ಕೊರತೆಯಿಲ್ಲ. ಆದರೆ ಸಾಯುವ ತನಕ ಅಲ್ಲೇ.

ಆರು ವರ್ಷಗಳ ಹಿಂದೆ ಒಂದು ನಾಯಿ ರಬ್ಬರ್ ಕೈಯನ್ನು ಬಿಟ್ಟು ಅವಳ ಸ್ವಂತ ಕೈಗೇ ಬಾಯಿ ಹಾಕಿತು. ಹನ್ನೊಂದು ಹೊಲಿಗೆ. ಎಂಟನೇ ದಿನ ಕೆಲಸಕ್ಕೆ ಹಾಜರಾದಳು. ಗುಂಡಿಗೆ ಗಟ್ಟಿ ಎಂದರು ಎಲ್ಲರೂ. ಅವಳೂ ಅದನ್ನೇ ನಂಬಿಕೊಂಡಳು.

ಈ ವಾರ ಅವಳ ನೆಮ್ಮದಿ ಕೆಡಿಸಿದವನು ವಕೀಲ. ಪ್ರತಿಯೊಂದಕ್ಕೂ ಆಕ್ಷೇಪಣೆ ಎತ್ತಿ ಬೊಗಳುವ ಕಂದು ನಾಯಿಗೆ ಅವಳೇ ಇಟ್ಟ ಹೆಸರು ಅದು. ಕಲಿಸಿದ್ದನ್ನು ಒಂದೇ ದಿನದಲ್ಲಿ ಕಲಿಯುತ್ತಿದ್ದ. ಬಟ್ಟಲ ಮುಂದೆ ಮಾತ್ರ ಎರಡು ಸಲ ರಬ್ಬರ್ ಕೈಯನ್ನು ಕಚ್ಚಿದ್ದ. ಇನ್ನೊಂದು ಸಲ ಕಚ್ಚಿದರೆ ಅವನ ಕಥೆ ಮುಗಿಯಿತು. ಎರಡು ದಿನಗಳಿಂದ ಪರೀಕ್ಷೆಯನ್ನು ಮುಂದೂಡುತ್ತಾ, ಸಾಲಿನ ಉದ್ದಕ್ಕೂ ಸುಮ್ಮನೆ ಅಡ್ಡಾಡುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಕೋಲು ಹಿಡಿದು ಬಂದವಳು ಗೂಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ, ಗೂಡು ತೊಳೆಯುವ ಅಕ್ಕ ತನ್ನ ಅಳಿಯನನ್ನು ಬೈಯುತ್ತಾ, ವಕೀಲ ತಿನ್ನುತ್ತಿದ್ದ ಬಟ್ಟಲನ್ನು ಬರಿಗೈಯಲ್ಲಿ ಎತ್ತಿ, ಅಡಿಯ ನೆಲ ಒರೆಸಿ, ಮತ್ತೆ ಇಟ್ಟಳು. ವಕೀಲನದು ಒಂದು ಆಕ್ಷೇಪಣೆಯೂ ಇಲ್ಲ.

"ಅಕ್ಕಾ! ತಿನ್ನೋವಾಗ ಬಟ್ಟಲಿಗೆ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಕಚ್ಚಲ್ವಾ ಅದು?"

"ನಂಗ್ಯಾಕೆ ಕಚ್ಚುತ್ತೆ ಟೀಚರಮ್ಮ? ದಿನಾ ಎತ್ತೀನಿ. ನೀವು ಬಗ್ಗೋವಾಗ ಉಸಿರು ಬಿಗಿ ಹಿಡಿದುಬಿಡ್ತೀರಲ್ಲ, ಬಾವಿಗೆ ಹಾರೋರ ಥರ. ಅದನ್ನ ನೋಡಿ ನಂಗೇ ಎದೆ ಧಸಕ್ ಅನ್ನುತ್ತೆ. ಇನ್ನು ಆ ಮೂಕಪ್ರಾಣಿಗೆ ಹೇಗಾಗ್ಬೇಡ?"

"ಉಸಿರಾ? ಯಾವಾಗಿಂದ?"

"ಕೈಗೆ ಹೊಲಿಗೆ ಬಿತ್ತಲ್ಲ, ಆವಾಗಿಂದ."

"ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಓದಿದೋರು. ಅದೂ ಪರೀಕ್ಷೇಲಿ ಸೇರಿದ್ದು ಅಂದ್ಕೊಂಡಿದ್ದೆ."

ಟೀಚರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಬೆದರಿದವಳು ತಾನು, ಚೀಟಿ ಬಿದ್ದದ್ದು ನಾಯಿಗಳಿಗೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಉಂಡವು ಅವು.

ಮಾತಾಡುವಾಗ ಉಸಿರು ಕಟ್ಟಲಾಗುವುದಿಲ್ಲವಲ್ಲ. ಕೋಲು ಚಾಚುತ್ತಲೇ, ಮುಖ ಕಂಡರಿಯದ ಆ ಅಳಿಯನನ್ನು ಬೈಯಲು ಶುರುಮಾಡಿದಳು. "ಸೋಮಾರಿ! ಮಾವನ ಮನೆ ಅಂದ್ರೆ ಛತ್ರ ಅಂದ್ಕೊಂಡಿದಾನಾ?" ರಬ್ಬರ್ ಕೈ ಬಟ್ಟಲನ್ನು ಎಳೆಯಿತು. ವಕೀಲ ಒಮ್ಮೆ ತಲೆಯೆತ್ತಿ ನೋಡಿ, ಬಟ್ಟಲ ಹಿಂದೆಯೇ ಎರಡು ಹೆಜ್ಜೆ ನಡೆದು ತಿನ್ನುತ್ತಾ ಹೋದ. ಇನ್ನೆರಡು ಸಲ ಎಳೆದಾಗಲೂ ಅಷ್ಟೇ.

ಅಲ್ಲಿ ಖುಷಿಪಡಲು ಅವಳ ಕಾಲು ನಿಲ್ಲಲಿಲ್ಲ. ಬಟ್ಟಲು ತುಂಬಿಸಿಕೊಂಡು ಓಡಿದ್ದು ಹಿಂದಿನ ಸಾಲಿಗೆ. ಹೊಲಿಗೆ ಬಿದ್ದ ಮೇಲೆ ಅವಳ ಸಹಿಯಿಂದ ಅಲ್ಲಿ ಸೇರಿದವು ಹದಿನೈದು. ಮೊದಲನೆಯವಳು ದೊರೆಸಾನಿ. ಬಂದಾಗ ಕಪ್ಪು ಮೂತಿ ಮಿರಮಿರನೆ ಮಿಂಚುತ್ತಿತ್ತು. ಈಗ ಪೂರ್ತಿ ಬೆಳ್ಳಗಾಗಿದೆ.

ಟೀಚರ್ ಮತ್ತೆ ಅಳಿಯನನ್ನೇ ಬೈದಳು. ರಬ್ಬರ್ ಕೈ ಹತ್ತಿರ ಬಂದಾಗ ದೊರೆಸಾನಿ ಕಚ್ಚಲಿಲ್ಲ. ಬಟ್ಟಲು ಬಿಟ್ಟು ಹಿಂದೆ ಸರಿದು, ಟೀಚರಿಗೆ ಜಾಗ ಮಾಡಿಕೊಟ್ಟಳು.

ಬೈಗುಳ ಅಲ್ಲಿಗೇ ನಿಂತಿತು. ಟೀಚರ್ ಹಳದಿ ಚೀಟಿಯ ದಾರ ಬಿಚ್ಚಿದಳು. "ತಪ್ಪಾಯ್ತು ಕಣೇ," ಎಂದಳು. ಹಿಂದೆಯೇ ಬಂದಿದ್ದ ಅಕ್ಕನ ಕಡೆ ತಿರುಗಿದಳು.

"ಈ ವಯಸ್ಸಲ್ಲಿ ಇವಳನ್ನ ಯಾರು ಕರ್ಕೊಂಡು ಹೋಗ್ತಾರೆ ಅಕ್ಕಾ?"

ಅಕ್ಕ ಇನ್ನೊಂದು ಬಟ್ಟಲು ತುಂಬಿಸಿ ತಂದು ಪಕ್ಕದ ಗೂಡಿನ ಅಗುಳಿ ತೆಗೆದಳು. ಇನ್ನೂ ಹದಿನಾಲ್ಕಿದ್ದವು.