ಬಟ್ಟೆಯ ಮಣ್ಣು ಓದುವ ನೀಲಿಯಕ್ಕ

ಬೆಳಗಿನ ಐದೂಮುಕ್ಕಾಲು. ಹಿತ್ತಲಿನ ಸಿಮೆಂಟ್ ಕಟ್ಟೆಯ ಮೇಲೆ ನಿನ್ನೆ ಸಂಜೆ ಬಂದ ಬಟ್ಟೆಗಂಟುಗಳು ಸಾಲಾಗಿ ಕೂತಿವೆ. ನೀಲಿಯಕ್ಕ ಒಂದೊಂದನ್ನೇ ಬಿಚ್ಚುತ್ತಾರೆ, ಆದರೆ ನೇರವಾಗಿ ನೀರಿಗೆ ಹಾಕುವುದಿಲ್ಲ. ಮೊದಲು ಜೇಬು ತಡಕುತ್ತಾರೆ. ಆಮೇಲೆ ಪ್ಯಾಂಟಿನ ಕಾಲ್ಮಡಿಕೆ ಬಿಡಿಸಿ ಅಂಗೈ ಮೇಲೆ ಕೊಡವುತ್ತಾರೆ. ಬಿದ್ದ ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇವರು ಕೋಟೆಗೆ ಹೋಗಿದ್ರು. ಮೇಲಿನ ತನಕ ಹತ್ತಿಲ್ಲ, ಅರ್ಧಕ್ಕೇ ಕೂತುಬಿಟ್ಟಿದ್ದಾರೆ" ಎನ್ನುತ್ತಾರೆ.

ಅದು ಹೇಗೆ ಗೊತ್ತಾಯಿತು?

"ಕೆಂಪು ಮಣ್ಣು ಕಾಲಿಗಿಂತ ಕೂರೋ ಜಾಗದಲ್ಲೇ ಜಾಸ್ತಿ ಇದೆಯಲ್ಲ!"

ಈ ಕಡಲೂರಿನಲ್ಲಿ ನೋಡಲು ಹೆಚ್ಚೇನಿಲ್ಲ. ಒಂದು ಬೀದಿ, ದೋಣಿ ಕಟ್ಟುವ ದಕ್ಕೆ, ಬಸ್ಸು ತಿರುಗುವ ಬಯಲು, ಅಷ್ಟೆ. ಇಲ್ಲಿ ಗದ್ದಲವಿಲ್ಲ ಎನ್ನುವ ಕಾರಣಕ್ಕೇ ಪ್ರವಾಸಿಗಳು ವಾರಗಟ್ಟಲೆ ಕೋಣೆ ಹಿಡಿಯುತ್ತಾರೆ. ಬೆಳಗಿನ ಬಸ್ಸಿಗೆ ಕೋಟೆಗೋ ಜಲಪಾತಕ್ಕೋ ನದೀಮುಖದ ನಡುಗಡ್ಡೆಗೋ ಹೋಗಿ ಸಂಜೆ ಮರಳುತ್ತಾರೆ. ಕೋಣೆ ಕೊಡುವ ಮನೆಗಳು ಹನ್ನೊಂದು. ಅಷ್ಟೂ ಮನೆಗಳ ಹಾಸಿಗೆ, ಹೊದಿಕೆ, ಅತಿಥಿಗಳ ಉಡುಪು ಒಗೆದು ಇಸ್ತ್ರಿಯಾಗಿ ಹೋಗುವುದು ಈ ಒಂದೇ ಹಿತ್ತಲಿನಿಂದ. ಜನ ಹೆಚ್ಚಿರುವ ತಿಂಗಳುಗಳಲ್ಲಿ ದಿನಕ್ಕೆ ಐವತ್ತು ಹಾಸು, ಅಷ್ಟೇ ದಿಂಬಿನ ಚೀಲ. ಬಿಡಿ ಬಟ್ಟೆ ಬೇರೆ. ಬಿಳಿ ಬಟ್ಟೆಗೆ ಹಾಕುವ ನೀಲಿ ನೀಲಿಯಕ್ಕನ ಉಗುರಿನ ಸಂದಿಗೆ ಇಳಿದು ಹೋಗಿದೆ. ಹೆಸರೂ ಅಲ್ಲಿಂದಲೇ ಬಂದದ್ದು.

ಹದಿನಾರು ವರ್ಷದ ಹಿಂದೆ ಗಂಡನ ಬಲಗೈ ದೋಣಿಯ ಹಗ್ಗ ಸುತ್ತುವ ರಾಟೆಗೆ ಸಿಕ್ಕಿ ಮೂರು ಬೆರಳು ಹೋದವು. ಅವರು ಮತ್ತೆ ಕಡಲಿಗೆ ಇಳಿಯುವಂತಿರಲಿಲ್ಲ. ಎದುರು ಮನೆಯ ನಿವೃತ್ತ ಶಿಕ್ಷಕಿ, ಊರಿನ ಪಾಲಿಗೆ ಟೀಚರಮ್ಮ, ಆಗಷ್ಟೇ ಮಹಡಿ ಕೋಣೆ ಬಾಡಿಗೆಗೆ ಕೊಡಲು ಶುರುಮಾಡಿದ್ದರು. ಅವರು ಕೊಟ್ಟ ಎಂಟು ಹಾಸುಗಳೇ ಮೊದಲ ಕೆಲಸ. "ಸಮುದ್ರದ ಕಡೆ ಚೆನ್ನಾಗಿ ಗಾಳಿ ಇದೆ ಅಂತ ಅಲ್ಲೇ ಒಣಗಿಸ್ದೆ. ಮಾರನೇ ದಿನ ಟೀಚರಮ್ಮ ಬಂದು, 'ಏನೇ, ಕೋಣೆಯವರಿಗೆ ಉಪ್ಪಿನ ಮೂಟೆ ಮೇಲೆ ಮಲಗಿದ ಹಾಗಾಯ್ತಂತೆ' ಅಂದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು." ಅಂದಿನಿಂದ ಹಗ್ಗ ಮನೆಯ ಹಿಂದಕ್ಕೆ, ಗೋಡೆಯ ಮರೆಗೆ ಬಂತು. ಗಂಡ ಎಡಗೈಯಲ್ಲಿ ಇಸ್ತ್ರಿ ಹಾಕುವುದನ್ನು ಕಲಿತರು. ಈಗ ಅವರ ಮಡಿಕೆಯಲ್ಲಿ ಅಂಚಿಗೆ ಅಂಚು ತಪ್ಪುವುದಿಲ್ಲ.

ಮಣ್ಣು ಓದುವುದನ್ನು ನೀಲಿಯಕ್ಕನಿಗೆ ಯಾರೂ ಹೇಳಿಕೊಡಲಿಲ್ಲ. ಕಲೆ ಯಾವುದರದ್ದೆಂದು ತಿಳಿಯದೆ ಅದನ್ನು ತೆಗೆಯಲಾಗದು. ಜಲಪಾತದ ಕಪ್ಪು ಕೆಸರಿಗೆ ತಣ್ಣೀರು, ಕೋಟೆಯ ಕೆಂಪಿಗೆ ಬಾರ್ ಸೋಪು, ನಡುಗಡ್ಡೆಯ ಜಿಗಟು ಮಣ್ಣಿಗೆ ಎರಡು ತಾಸು ನೆನೆಸುವುದು. ಹೀಗೆ ನೋಡುತ್ತ ನೋಡುತ್ತ, ತಾವು ಕಾಲಿಡದ ಜಾಗಗಳೆಲ್ಲ ಅವರ ಕೈಗೆ ಪರಿಚಯವಾದವು. ಆದರೆ ತಿಳಿದದ್ದನ್ನು ಹಿತ್ತಲಿನಾಚೆ ಆಡುವುದಿಲ್ಲ. "ಹೆಂಡತಿಗೊಂದು ಹೇಳಿ ಇನ್ನೆಲ್ಲಿಗೋ ಹೋದವರೂ ಇರ್ತಾರೆ. ನಾನು ಬಾಯಿಬಿಟ್ರೆ ನಾಳೆ ಯಾರು ಬಟ್ಟೆ ಕೊಡ್ತಾರೆ?"

ಆ ಕಟ್ಟುಪಾಡನ್ನು ಅವರು ಮುರಿದದ್ದು ಒಂದೇ ಸಲ, ಹೋದ ವರ್ಷ.

ಟೀಚರಮ್ಮನ ಮಹಡಿಯಲ್ಲಿ ಒಬ್ಬ ನಿವೃತ್ತ ಅಂಚೆಯವರು ಒಂಟಿಯಾಗಿ ಉಳಿದುಕೊಂಡಿದ್ದರು. ದಿನಾ ಮೊದಲ ಬಸ್ಸಿಗೆ ಹೋಗಿ ಹನ್ನೆರಡರ ಬಸ್ಸಿಗೆ ಊಟಕ್ಕೆ ಬಂದುಬಿಡುವವರು. ಒಂದು ದಿನ ಬರಲಿಲ್ಲ. ಎರಡರ ಬಸ್ಸಿಗೂ ಇಲ್ಲ; ಫೋನು ಸತ್ತಿತ್ತು. ಜಲಪಾತಕ್ಕೆಂದು ಹೇಳಿ ಹೋಗಿದ್ದರಿಂದ ಪೊಲೀಸರು, ದಕ್ಕೆಯ ಯುವಕರು ಎಲ್ಲರೂ ಹಗ್ಗ ಹಿಡಿದು ಅತ್ತ ಓಡಿದರು. ಟೀಚರಮ್ಮ ಜಗಲಿಯಲ್ಲಿ ಕೂತು ಬಸ್ಸಿನ ದಾರಿ ನೋಡುತ್ತಿದ್ದರು.

ಹಿತ್ತಲಲ್ಲಿ ಆ ಅಂಚೆಯವರ ಎರಡು ಪ್ಯಾಂಟು ಇನ್ನೂ ನೆನೆಹಾಕದೆ ಇದ್ದವು. ನೀಲಿಯಕ್ಕ ಮಡಿಕೆ ಬಿಡಿಸಿದರು. ಕಪ್ಪು ಕೆಸರು ಹೆಸರಿಗೂ ಇಲ್ಲ. ಎರಡರಲ್ಲೂ ಹಿಟ್ಟಿನಂಥ ಬಿಳಿ ಪುಡಿ. ಮಂಡಿಯ ಮೇಲೂ ಅದೇ. ಅಂಥ ಬಿಳಿ ಇರುವುದು ಈ ಸುತ್ತಿಗೆಲ್ಲ ಒಂದೇ ಕಡೆ, ಮುಚ್ಚಿಹೋದ ಸುಣ್ಣಕಲ್ಲಿನ ಕ್ವಾರಿಯಲ್ಲಿ. ಅವರು ಪ್ಯಾಂಟು ಹಿಡಿದುಕೊಂಡೇ ಬೀದಿ ದಾಟಿ, ಕ್ವಾರಿಯಲ್ಲಿ ಹುಡುಕಿ ಎಂದರು. ಟೀಚರಮ್ಮನ ಮನೆಬಾಗಿಲಲ್ಲಿ ಕಾಯಲು ಉಳಿದಿದ್ದ ಪೇದೆ ನಕ್ಕುಬಿಟ್ಟರು. "ಏನಮ್ಮಾ, ಪ್ಯಾಂಟು ನೋಡಿ ಜಾತಕ ಹೇಳ್ತೀರಾ?"

"ನನ್ನ ಮಾತು ಸುಳ್ಳಾದ್ರೆ ಮರ್ಯಾದೆ ಹೋಗತ್ತೆ, ನಿಜವಾದ್ರೆ ಅವರ ಗುಟ್ಟು ಹೋಗತ್ತೆ. ಆದ್ರೆ ಸುಮ್ಮನಿದ್ರೆ ಜೀವವೇ ಹೋದ್ರೆ?" ಎಂದು ನೀಲಿಯಕ್ಕ ಆ ಗಳಿಗೆಯನ್ನು ಈಗ ನೆನೆಯುತ್ತಾರೆ.

ಟೀಚರಮ್ಮ ಮಾತ್ರ ಎದ್ದು ನಿಂತರು. "ನೀಲಿ ಹದಿನೈದು ವರ್ಷದಲ್ಲಿ ಒಂದು ಸಲವೂ ಬೇರೆಯವರ ಸುದ್ದಿ ನನ್ನ ಹತ್ರ ಆಡಿಲ್ಲ. ಇವತ್ತು ಆಡ್ತಿದ್ದಾಳೆ ಅಂದ್ರೆ ನಿಜವೇ ಇರ್ಬೇಕು. ನಡಿ ನೀಲಿ, ಹೋಗೋಣ." ಇಬ್ಬರೂ, ಜೊತೆಗೆ ನೀಲಿಯಕ್ಕನ ಗಂಡ, ಸಿಕ್ಕಿದ ಆಟೋ ಹತ್ತಿದರು.

ಇನ್ನೂ ಬಿಸಿಲಿತ್ತು. ಕ್ವಾರಿಯ ಅಂಚಿನಿಂದ ಕೂಗಿದಾಗ ಕೆಳಗಿನಿಂದ ಕ್ಷೀಣವಾದ ದನಿಯೊಂದು ಓಗೊಟ್ಟಿತು. ಮೂವರೂ ಹುಷಾರಾಗಿ ಇಳಿದರು. ಕಾಲು ಜಾರಿ ಪಾದದ ಗಂಟು ಮುರಿದುಕೊಂಡು, ಮೈಯೆಲ್ಲ ಸುಣ್ಣವಾಗಿ, ಅಂಚೆಯವರು ಬಂಡೆಗೆ ಒರಗಿದ್ದರು. ಎದುರಿನ ಮಣ್ಣುಗೋಡೆಯ ತೂತೊಂದರಲ್ಲಿ ಮಿಂಚುಳ್ಳಿ ಮರಿ ಮಾಡಿತ್ತು. ಅದನ್ನು ನೋಡಲೆಂದೇ ಮೂರು ದಿನದಿಂದ ಬರುತ್ತಿದ್ದರಂತೆ. ಕ್ವಾರಿಯ ಕಡೆ ತಲೆ ಹಾಕಬೇಡಿ ಎಂದು ಮೊದಲ ದಿನವೇ ಟೀಚರಮ್ಮ ಗದರಿದ್ದರಿಂದ ಜಲಪಾತದ ಹೆಸರು ಹೇಳಿದ್ದರು. ನೀರು ಕುಡಿಸಲು ಬಗ್ಗಿದ ನೀಲಿಯಕ್ಕನ ಕೈ ಹಿಡಿದು ಅವರು ಮೆಲ್ಲಗೆ ಕೇಳಿಕೊಂಡರು: "ತಾಯಿ, ಟೀಚರಮ್ಮಂಗೆ ಮಾತ್ರ ಹೇಳ್ಬೇಡಿ."

"ಇಲ್ಲೇ ಇದ್ದೀನಿ" ಎಂದರು ಹಿಂದೆ ನಿಂತಿದ್ದ ಟೀಚರಮ್ಮ.

ಅಂದು ನಕ್ಕ ಪೇದೆ ಮರುವಾರ ತಮ್ಮ ಸಮವಸ್ತ್ರವನ್ನೇ ಒಗೆಯಲು ತಂದುಕೊಟ್ಟರು. "ಜೇಬು ನೋಡ್ಬೇಡಿ ಅಕ್ಕಾ" ಎಂದು ಹೇಳುವುದನ್ನೂ ಮರೆಯಲಿಲ್ಲ. ಊರಿನವರು ಹೊಗಳಿದರೆ ನೀಲಿಯಕ್ಕ ಮಾತು ಬದಲಿಸುತ್ತಾರೆ.

ಅವರ ತಲೆಯಲ್ಲಿ ಈಗ ಕೊರೆಯುತ್ತಿರುವುದೇ ಬೇರೆ. ಹೋದ ತಿಂಗಳು ಯಾವುದೋ ಮಗುವಿನ ಅಂಗಿಜೇಬಿನಲ್ಲಿ ಹಸಿರು ಛಾಯೆಯ ಮರಳು ಸಿಕ್ಕಿತು. ಹದಿನಾರು ವರ್ಷದಲ್ಲಿ ಅವರು ಅಂಥದ್ದನ್ನು ಕಂಡಿಲ್ಲ. ಬಸ್ಸಿನವರನ್ನು ಕೇಳಿದರೂ ಗೊತ್ತಿಲ್ಲ. ಒಂದು ದಿನ ರಜೆ ಹಾಕಿ, ಪ್ರವಾಸಿಗಳ ಹಾಗೆ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸು ಹತ್ತಿ ಅದನ್ನು ಹುಡುಕಬೇಕೆಂಬ ಆಸೆ. ಜೊತೆಗೆ ಗಂಡನನ್ನು ಕರೆದೊಯ್ಯುವಿರಾ ಎಂದರೆ ಇಲ್ಲವೆಂದು ತಲೆಯಾಡಿಸಿ ನಗುತ್ತಾರೆ.

"ಇವರು ಮನೆಯಲ್ಲೇ ಇರ್ಲಿ. ಬಂದ ಮೇಲೆ ನನ್ನ ಸೀರೆ ಇವರ ಕೈಗೇ ಕೊಡ್ತೀನಿ. ಎಲ್ಲಿಗೆ ಹೋಗಿದ್ದೆ ಅಂತ ಕಂಡುಹಿಡೀಲಿ ನೋಡೋಣ!"