ತೊಳೆದ ಡಬ್ಬಿ

ಶಿರಗುಪ್ಪಿಯಿಂದ ಮುಂಜಾನೆಯ ಬಸ್ಸಿಗೆ ಅವ್ವ ನನ್ನ ಬುತ್ತಿ ಕಳಿಸುತ್ತಿದ್ದಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದ ನಾನು ಸ್ಟ್ಯಾಂಡಿಗೆ ಹೋಗಿ, ಕಂಡಕ್ಟರ್ ಕಾಕಾನ ಕೈಯಿಂದ ಡಬ್ಬಿ ಇಸಿದುಕೊಂಡು ಹಿಂದಿನ ದಿನದ ಖಾಲಿ ಡಬ್ಬಿ ಕೊಡುತ್ತಿದ್ದೆ. ಖಾಲಿ ಅಂದರೆ ತೊಳೆದದ್ದಲ್ಲ. ಮೈಗಳ್ಳತನದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ; ಪುಂಡಿಪಲ್ಯದ ಎಣ್ಣೆ ಅಂಟಿದ ಹಾಗೆಯೇ ಮುಚ್ಚಳ ಬಿಗಿದು ಕಳಿಸುತ್ತಿದ್ದೆ. ಅವ್ವ ಫೋನಿನಲ್ಲಿ ಬೈಯುತ್ತಿದ್ದಳು: "ಮಂದಿ ಗಾಯ ತೊಳಿಯಾಕಿ, ಒಂದ್ ಡಬ್ಬಿ ತೊಳಿಯಾಕ ಬರೂದಿಲ್ಲೇನ ನಿನಗ?"

ಎರಡನೇ ವರ್ಷ, ವಾರ್ಡಿನಲ್ಲಿ ಒಬ್ಬ ಅಜ್ಜಿಗೆ ಸಲೈನ್ ಹಚ್ಚಲು ಹೋದಾಗ ನನ್ನ ಕೈ ನಡುಗಿತು. ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅಜ್ಜಿಯ ಕೈ ನೀಲಿಗಟ್ಟಿ ಬಾತುಕೊಂಡಿತು. ಅವರು ನನ್ನನ್ನು ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಮರುದಿನದಿಂದ ಸೂಜಿ ಕಂಡರೆ ನನ್ನ ಅಂಗೈ ಬೆವರತೊಡಗಿತು. ಮುಂದಿನ ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ, ಅಲ್ಲಿಯೂ ಅದೇ ಸೂಜಿ. ಕೈ ನಡುಗಿದರೆ ವರ್ಷವೇ ಹೋದಂತೆ. ಊರಲ್ಲಿ ಆಗಲೇ ನನ್ನನ್ನು ಡಾಕ್ಟರ್‌ಬಾಯಿ ಅನ್ನುತ್ತಿದ್ದರು. ಯಾರಿಗೆ ಹೇಳಲಿ?

ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಹಾಸ್ಟೆಲ್ ಹಿಂದೆ ಬರುವ ಆಕಳಿಗೆ ಹಾಕಿ, ಉಣ್ಣದೆ ಚೆಲ್ಲಿದ ಗುರುತು ಸಿಗಬಾರದೆಂದು ಡಬ್ಬಿಯನ್ನು ತಿಕ್ಕಿ ತಿಕ್ಕಿ ತೊಳೆದು ಕಳಿಸಿದೆ. ಫೋನಿನಲ್ಲಿ "ಉಂಡೇನಿ, ಆರಾಮ ಅದೇನಿ" ಅಂದೆ. ಬಹಳ ಶಾಣ್ಯಾಕಿ ನಾನು.

ನಾಲ್ಕನೇ ದಿನ ಕಂಡಕ್ಟರ್ ಕಾಕಾನ ಕೈಯಲ್ಲಿ ಡಬ್ಬಿ ಇರಲಿಲ್ಲ. ಅದನ್ನು ಎದೆಗವಚಿಕೊಂಡು ಅವ್ವನೇ ಬಸ್ಸಿನಿಂದ ಇಳಿದಳು. ನಾನು ಓಡಿ ಹೋದೆ.

"ಯಾಕವ್ವಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಮನ್ಯಾಗ ಆರಾಮ. ನಿನಗೇನಾಗೇತಿ? ಮೂರ್ ದಿನಾತು, ಡಬ್ಬಿ ತೊಳದ ಬರಾಕತ್ತೇತಿ. ನನಗ ನಿದ್ದಿ ಹತ್ತವಲ್ದು."

ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಮಂದಿ ನೋಡುತ್ತಿದ್ದರೂ ಅಳುತ್ತ ಎಲ್ಲ ಹೇಳಿದೆ. ಅವ್ವ ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು, ಅರ್ಧ ಇಳಿಯಿತು.

"ನಿಮ್ಮ ಮೇಡಂ ಮುಂದ ಇವತ್ತ ಹೇಳು. ಅಂಜಿಕಿ ಆದ್ರ ಆಗ್ಲಿ, ನನ್ನ ಮುಂದ ಮುಚ್ಚಿಡಬ್ಯಾಡ."

ಅಂದೇ ಹೇಳಿದೆ. ಮೇಡಂ ದಿನಾ ಪಕ್ಕದಲ್ಲಿ ನಿಂತು ಮಾಡಿಸಿದರು. ಆದರೂ ಪರೀಕ್ಷೆಯ ದಿನ ಕೈ ನಡುಗಿತು. ಎರಡನೇ ಸಲಕ್ಕೆ ನರ ಸಿಕ್ಕಿತು. ಅಂದು ಬುತ್ತಿಯನ್ನು ಪೂರ್ತಿ ಉಂಡೆ. ಮರುದಿನದ ಬಸ್ಸಿಗೆ ಡಬ್ಬಿಯನ್ನು ಎಣ್ಣೆ ಅಂಟಿದ ಹಾಗೆಯೇ ಕಳಿಸಿದೆ.

ಸಂಜೆ ಫೋನ್ ಬಂತು. ಅವ್ವ ಬೈಯಲಿಲ್ಲ, ಅತ್ತಳು.