ಕುಚ್ಚು ಕಟ್ಟುವ ಪ್ರೇಮಮ್ಮ ಉಗುರಿಗೆ ಬಣ್ಣ ಹಚ್ಚಿದ್ದು

ಅಗ್ರಹಾರದಲ್ಲಿ ಪ್ರೇಮಮ್ಮನ ಮನೆ ಯಾವುದು ಅಂತ ಕೇಳಿ ನೋಡಿ, ಯಾರೂ ಮನೆ ನಂಬರು ಹೇಳುವುದಿಲ್ಲ. "ಜಗಲಿ ಮೇಲೆ ಸೀರೆ ಸೆರಗು ಇಳಿಬಿಟ್ಟಿರುತ್ತೆ ನೋಡಿ, ಅದೇ" ಅನ್ನುತ್ತಾರೆ. ಸೆರಗಿನ ಅಂಚಿಗೆ ರೇಷ್ಮೆ ದಾರದ ಕುಚ್ಚು ಕಟ್ಟುವುದು ಪ್ರೇಮಮ್ಮನ ಕಸುಬು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಕಲಿಸಿದ್ದು. ಈಗ ಅವಳೇ ಅತ್ತೆಯಾಗಿದ್ದಾಳೆ, ಕೈ ಮಾತ್ರ ಅಂದಿನಂತೆಯೇ ಓಡುತ್ತದೆ.

ಕಸುಬು ಕಲಿಸಿದ ಅತ್ತೆ ಒಂದು ಕಟ್ಟುಪಾಡನ್ನೂ ಹಾಕಿದ್ದರು. "ರೇಷ್ಮೆ ಮುಟ್ಟೋ ಕೈಗೆ ಉಗುರು ಇರಬಾರದು ಕಣೇ. ಒಂದು ಎಳೆ ಸಿಕ್ಕಾಕೊಂಡ್ರೆ ಸೀರೆನೂ ಹೋಯ್ತು, ಮಾನಾನೂ ಹೋಯ್ತು." ಅದಕ್ಕೇ ಪ್ರೇಮಮ್ಮ ಉಗುರನ್ನು ಮಾಂಸದವರೆಗೂ ಕತ್ತರಿಸಿಕೊಂಡು ಬಂದವಳು. ಯಾವ ಸೀರೆಗೆ ಯಾವ ದಾರ ಒಪ್ಪುತ್ತದೆ ಅಂತ ಊರಿನ ಹೆಂಗಸರಿಗೆಲ್ಲ ಅವಳೇ ಹೇಳಬೇಕು. ಮಾವಿನ ಚಿಗುರು, ಕುಂಕುಮ, ಈರುಳ್ಳಿ ಸಿಪ್ಪೆ, ಎಲ್ಲ ಬಣ್ಣವೂ ಅವಳ ಬೆರಳ ಮೇಲೆ ಹಾದು ಹೋದದ್ದೇ. ಅವಳ ಬೆರಳಲ್ಲಿ ಒಂದೂ ಉಳಿದದ್ದಿಲ್ಲ.

ಆಷಾಢ ಬಂತು. ಮದುವೆಗಳಿಲ್ಲದ ತಿಂಗಳು, ಕುಚ್ಚಿನ ಕೆಲಸವೂ ಕಮ್ಮಿ. ಶ್ರಾವಣಕ್ಕೆ ಬೇಕಾಗುತ್ತದೆಂದು ಮಣಿ ತರಲು ಪ್ರೇಮಮ್ಮ ಅಮರನ ಫ್ಯಾನ್ಸಿ ಸ್ಟೋರಿಗೆ ಹೋದಳು. ಅವನು ಮಣಿ ಪೊಟ್ಟಣ ಕಟ್ಟುವಷ್ಟರಲ್ಲಿ ಅವಳ ಕಣ್ಣು ಗಾಜಿನ ಪೆಟ್ಟಿಗೆಯೊಳಗಿನ ಒಂದು ಸೀಸೆಯ ಮೇಲೆ ನೆಟ್ಟಿತು. ನೀಲಿ ಅಂದರೆ ನೀಲಿಯಲ್ಲ, ಹಸಿರು ಅಂದರೆ ಹಸಿರಲ್ಲ.

"ಅದನ್ನ ಈಚೆ ತೆಗಿಯಪ್ಪ."

"ಸೊಸೆಗೆ ಏನಮ್ಮ?"

"ಯಾಕೆ, ನನಗೆ ಉಗುರಿಲ್ವ?"

ಅಮರ್ ನಾಲಿಗೆ ಕಚ್ಚಿಕೊಂಡ. "ಇದು ಟೀಲ್ ಅಂತ ಹೊಸಾ ಬಣ್ಣ ಕಣಮ್ಮ."

"ಎಲ್ಲಿ ಹೊಸದು? ನವಿಲುಕತ್ತಿನ ಬಣ್ಣ ಅಂದ್ರೆ ಆಯ್ತು. ಇದರಲ್ಲಿ ನಾನು ಎಷ್ಟು ಕುಚ್ಚು ಕಟ್ಟಿಲ್ಲ!"

"ಹಂಗಾದ್ರೆ ಈ ಗ್ಲಿಟರ್‌ನೂ ತಗೊಂಡೋಗಿ. ಒಣಗಿದ ಮೇಲೆ ಒಂದು ಕೋಟು ಎಳೆದ್ರೆ ದಸರಾ ಲೈಟಿಂಗ್ಸ್ ಥರ ಮಿನುಗುತ್ತೆ."

ಎರಡು ಸೀಸೆಯೂ ಮಣಿಯ ಜೊತೆ ಮನೆಗೆ ಬಂದವು. ಪ್ರೇಮಮ್ಮ ಅವತ್ತೇ ಜಗಲಿ ಮೇಲೆ ಕೂತು ಹಚ್ಚಿಕೊಂಡಳು. ಬಲಗೈಯಿಂದ ಎಡಗೈಗೆ ಹಚ್ಚುವುದು ಯಾರಿಗಾದರೂ ಬರುತ್ತದೆ. ಎಡಗೈಯಿಂದ ಬಲಗೈಗೆ ಹಚ್ಚುವಾಗಲೇ ಹುಡುಗಿಯರ ಬಣ್ಣವೆಲ್ಲ ಬೆರಳಿಗೆ ಮೆತ್ತಿಕೊಳ್ಳುವುದು. ಕುಚ್ಚು ಕಟ್ಟುವವರಿಗೆ ಎಡಗೈ ಬಲಗೈ ಎರಡೂ ಒಂದೇ. ಹತ್ತು ಉಗುರಿಗೂ ಬಣ್ಣ ಅಚ್ಚು ಹೊಯ್ದಂತೆ ಕೂತಿತು. ಮೇಲೆ ಗ್ಲಿಟರೂ ಬಿತ್ತು.

ಗಾಳಿಗೆ ಬೆರಳು ಹಿಡಿದು ಒಂದಷ್ಟು ಹೊತ್ತು ಕೂತಳು. ಮುಟ್ಟಿ ನೋಡಿದರೆ ಒಣಗಿದ ಹಾಗಿತ್ತು. ಸುಮ್ಮನೆ ಕೂರುವ ಜನ್ಮವಲ್ಲ ಅವಳದು. ಅರ್ಧ ಕಟ್ಟಿದ್ದ ತನ್ನದೇ ಒಂದು ಸೀರೆಯನ್ನು ಮಂಡಿ ಮೇಲೆ ಎಳೆದುಕೊಂಡು ದಾರ ಹಿಡಿದಳು. ಗಂಟು ಬಿಗಿದು ಕೈ ಎತ್ತಿದರೆ, ದಾರವೂ ಕೈಯ ಜೊತೆಗೇ ಎದ್ದು ಬಂತು! ಹಸಿ ಬಣ್ಣಕ್ಕೆ ರೇಷ್ಮೆಯ ನವಿರೆಲ್ಲ ಅಂಟಿ, ಉಗುರುಗಳಿಗೆ ಗಡ್ಡ ಬೆಳೆದಂತಾಗಿತ್ತು.

ಅವಳ ಗಂಡ ಹುಚ್ಚಣ್ಣ ಸಿಟಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತನಾದವನು. ಓದುತ್ತಿದ್ದ ಪೇಪರು ಇಳಿಸಿ ನೋಡಿದ. "ಸೆರಗಿಗೆ ಕುಚ್ಚು ಕಟ್ಟೇ ಅಂದ್ರೆ ಉಗುರಿಗೇ ಕಟ್ಕೊಂಡು ಕೂತಿದ್ದೀಯಲ್ಲೇ!"

"ನಗ್ರೀ, ನಗಿ. ನೀವು ಬಸ್ಸು ಕಲಿಯೋವಾಗ ಗೋಡೆಗೆ ಗುದ್ದಿರಲಿಲ್ವ?"

"ಗೋಡೆ ಯಾರ್ದೂ ಧಾರೆ ಸೀರೆ ಅಲ್ವಲ್ಲೇ."

ಆ ಮಾತು ಮಾತ್ರ ಪ್ರೇಮಮ್ಮನಿಗೆ ನಾಟಿತು. ಅವಳಿಗೆ ಬಣ್ಣವೂ ಬೇಕಿತ್ತು, ಕಸುಬೂ ಬೇಕಿತ್ತು. ಎರಡರಲ್ಲಿ ಒಂದು ಆರಿಸಿಕೋ ಅಂದರೆ ಕಸುಬೇ. ಆದರೆ ಆರಿಸಿಯೇ ತೀರಬೇಕು ಅಂತ ಯಾರು ಹೇಳಿದ್ದು? ಅತ್ತೆಯ ಕಾಲದಲ್ಲಿ ಅವರು ಕಂಡದ್ದು ಅವರು ಹೇಳಿದರು. ಇದನ್ನು ಅವರು ಹಚ್ಚಿ ನೋಡಿರಲಿಲ್ಲವಲ್ಲ.

ಸಂಜೆ ಸೊಸೆ ಸೌಮ್ಯ ಬಂದಳು. ಗೋಕುಲ ಬಡಾವಣೆಯ ಒಂದು ಯೋಗಶಾಲೆಯಲ್ಲಿ ಕೌಂಟರಿನ ಕೆಲಸ ಅವಳಿಗೆ. ಬಂದವಳು ನೋಡಿದರೆ ಅತ್ತೆ ಚಾಕುವಿನ ತುದಿಯಿಂದ ಗ್ಲಿಟರು ಕೆರೆಯುತ್ತಿದ್ದಾರೆ.

"ಅಯ್ಯೋ ಅತ್ತೆ, ಕೆರೀಬೇಡಿ! ಉಗುರೇ ಎದ್ದು ಬಂದ್ಬುಡುತ್ತೆ." ಹತ್ತಿಯನ್ನು ರಿಮೂವರಿನಲ್ಲಿ ಅದ್ದಿ ಒಂದೊಂದು ಉಗುರಿನ ಮೇಲೂ ಒತ್ತಿ ಇಟ್ಟಳು. "ಗ್ಲಿಟರ್ ಹಂಗೆಲ್ಲ ಬೇಗ ಬಿಡಲ್ಲ. ಸ್ವಲ್ಪ ನೆನೀಬೇಕು."

"ಹುಣಸೆಹಣ್ಣಿನ ಥರ ಅನ್ನು."

"ಹೂಂ, ಹಂಗೇ. ದಪ್ಪ ಹಚ್ಚಿದ್ದೀರಿ, ಅದಕ್ಕೇ ಒಳಗೆ ಹಸಿ ಉಳಿದಿದೆ. ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ತೆಳ್ಳಗೆ ಹಚ್ಚಬೇಕು. ಗ್ಲಿಟರ್ ಮೇಲೆ ಬಣ್ಣ ಇಲ್ಲದ್ದು ಒಂದು ಹಚ್ತಾರೆ, ಟಾಪ್ ಕೋಟ್ ಅಂತ. ನನ್ನ ಹತ್ರ ಇದೆ, ಕೊಡ್ತೀನಿ. ಆದ್ರೆ ಅತ್ತೆ, ರೇಷ್ಮೆ ಕೆಲಸಕ್ಕೆ ಆಗುತ್ತೋ ಇಲ್ವೋ ನನಗೆ ಗೊತ್ತಿಲ್ಲ."

"ಅದನ್ನ ನಾನು ನೋಡ್ಕೋತೀನಿ ಬುಡು."

ನೋಡಿಕೊಂಡಳು ಕೂಡ. ಊರಿಗೆ ಊರೇ ಆಷಾಢ ಶುಕ್ರವಾರ ಬೆಟ್ಟದ ದೇವಿಯ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದಾಗ ಪ್ರೇಮಮ್ಮ ಜಗಲಿ ಮೇಲೆ ಬೆರಳು ಚಾಚಿ ಕೂತಿದ್ದಳು. ಒಂದು ಬೆರಳಿಗೆ ಬರೀ ನವಿಲುಕತ್ತು, ಪಕ್ಕದ್ದಕ್ಕೆ ಗ್ಲಿಟರು, ಅದರ ಪಕ್ಕದ್ದಕ್ಕೆ ಗ್ಲಿಟರಿನ ಮೇಲೆ ಟಾಪ್ ಕೋಟು. ಪರೀಕ್ಷೆಯೂ ಅವಳದೇ. ಹುರಿ ಹಾಕದ ರೇಷ್ಮೆಯ ಒಂದೇ ಒಂದು ಎಳೆ ಬಿಡಿಸಿ ಉಗುರಿನ ಮೇಲೆ ಮೆಲ್ಲಗೆ ಎಳೆಯುವುದು. ಉಸಿರು ಬಿಟ್ಟರೆ ಹಾರುವಂಥ ಎಳೆ ಅದು, ಎಲ್ಲಿ ಒರಟಿದೆಯೋ ಅಲ್ಲಿ ನಿಂತುಬಿಡುತ್ತದೆ. ಬರೀ ಗ್ಲಿಟರಿನ ಮೇಲೆ ಬೇಲಿಗೆ ಸಿಕ್ಕ ಸೆರಗಿನ ಹಾಗೆ ನಿಂತಿತು. ಒಂದು ಟಾಪ್ ಕೋಟಿನ ಮೇಲೆ ತಡವರಿಸಿಕೊಂಡು ದಾಟಿತು. ರಾತ್ರಿಯೆಲ್ಲ ಒಣಗಲು ಬಿಟ್ಟು ಬೆಳಗ್ಗೆ ಎರಡನೆಯ ಕೋಟು ಹಚ್ಚಿದ ಉಗುರಿನ ಮೇಲೆ, ಬಾಳೆಲೆ ಮೇಲೆ ನೀರು ಜಾರಿದಂತೆ ಜಾರಿತು.

"ಈ ಹುಡುಕಾಟ ನೀನು ಶಾಲೆಯಲ್ಲಿ ಮಾಡಿದ್ದಿದ್ರೆ ಇಷ್ಟೊತ್ತಿಗೆ ಮೇಡಂ ಆಗ್ತಿದ್ದೆ" ಅಂದ ಹುಚ್ಚಣ್ಣ.

"ಈಗೇನು ಕಮ್ಮಿ ಆಗಿದ್ದೀನಿ?"

ಶ್ರಾವಣ ಬಂತು. ಮೊದಲ ಸೀರೆ ಹಿಡಿದು ಬಂದವರು ಸರ್ವಮಂಗಳಮ್ಮ. ಪ್ರೇಮಮ್ಮನ ಹಳೇ ಗಿರಾಕಿ. ಅವರ ಅಕ್ಕತಂಗಿಯರು, ಓರಗಿತ್ತಿಯರು, ಬೀಗರ ಮನೆಯವರು, ಎಲ್ಲರೂ ಅವರ ಮಾತು ಕೇಳಿಯೇ ಈ ಜಗಲಿ ಹತ್ತಿದವರು. ಅವರು ಒಮ್ಮೆ ಮೂಗು ಮುರಿದರೆ ಅಷ್ಟೂ ಮನೆಗಳ ಸೆರಗು ಬೇರೆ ಬೀದಿಗೆ ಹೋಗುತ್ತದೆ. ಅವರು ತಂದದ್ದು ಕಿರಿಮಗಳು ಪವಿತ್ರಳ ಧಾರೆ ಸೀರೆ, ಕುಂಕುಮ ಬಣ್ಣದ್ದು, ಮೈತುಂಬ ಜರಿ.

ಪ್ರೇಮಮ್ಮ ಕೈ ಚಾಚಿದಳು. ಉಗುರು ಬಿಸಿಲಿಗೆ ಮಿನುಗಿತು. ಸರ್ವಮಂಗಳಮ್ಮ ಕೊಡಲು ಮುಂದೆ ಹಿಡಿದಿದ್ದ ಸೀರೆಯನ್ನು ಹಾಗೇ ಎದೆಗೊತ್ತಿಕೊಂಡರು.

"ಇದೇನ್ರೀ ಪ್ರೇಮಮ್ಮ, ಕೈಗೆ?"

"ಬಣ್ಣ ಕಣ್ರೀ. ಚೆನ್ನಾಗಿಲ್ವ?"

"ಚೆನ್ನಾಗೇನೋ ಇದೆ. ತಪ್ಪು ತಿಳ್ಕೋಬೇಡಿ, ನೀವು ಹಚ್ಕೊಂಡ್ರೆ ನನಗೇನು ಹೊಟ್ಟೆಕಿಚ್ಚಾ? ಆದ್ರೆ ಇದು ಧಾರೆ ಸೀರೆ. ಆ ಹರಳು ಮರಳೆಲ್ಲ ಜರಿಗೆ ತಾಗಿ ಎಳೆ ಎದ್ರೆ ಏನ್ಮಾಡೋದು? ಅದನ್ನ ತೆಗೆದುಬುಡಿ, ನಾಳೆ ತಂದ್ಕೊಡ್ತೀನಿ."

ತೆಗೆದುಬಿಡುವುದು ಸುಲಭವಿತ್ತು. ಹತ್ತಿ ಒಳಗಿತ್ತು, ರಿಮೂವರೂ ಇತ್ತು. ಹುಚ್ಚಣ್ಣ ಬಾಗಿಲಲ್ಲಿ ನಿಂತು, ತೆಗೀಬಾರದೇನೇ ಅಂತ ಕಣ್ಣಲ್ಲೇ ಕೇಳಿದ. ಪ್ರೇಮಮ್ಮ ಅತ್ತ ನೋಡಲಿಲ್ಲ. ಬುಟ್ಟಿಯಿಂದ ರೇಷ್ಮೆಯ ಒಂದು ಎಳೆ ಬಿಡಿಸಿ ಅದರ ತುದಿಯನ್ನು ಸರ್ವಮಂಗಳಮ್ಮನ ಕೈಗೆ ಕೊಟ್ಟಳು.

"ನನ್ನ ಮಾತು ನಂಬಬೇಡಿ. ಹತ್ತೂ ಬೆರಳ ಮೇಲೆ ನೀವೇ ಎಳೀರಿ. ಒಂದು ಕಡೆ ನಿಂತ್ರೂ ಸೀರೆ ವಾಪಸ್ ತಗೊಂಡೋಗಿ, ಬೇಜಾರಿಲ್ಲ."

ಸರ್ವಮಂಗಳಮ್ಮ ಜಗಲಿಯ ಅಂಚಿಗೆ ಕೂತು ಎಳೆದರು. ಎಳೆ ಎಡಗೈಯ ಐದೂ ಬೆರಳನ್ನು ಸಲೀಸಾಗಿ ದಾಟಿತು. ಬಲಗೈಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು ದಾಟಿತು. ಹೆಬ್ಬೆಟ್ಟಿನಲ್ಲಿ ಗಕ್ಕನೆ ನಿಂತಿತು.

"ನೋಡಿದ್ರಾ!" ಅಂದರು ಸರ್ವಮಂಗಳಮ್ಮ. ದನಿಯಲ್ಲಿ ಗೆದ್ದ ಖುಷಿಗಿಂತ ಬೇಸರವೇ ಹೆಚ್ಚಿತ್ತು.

ಪ್ರೇಮಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಬಿಡಿಸಬೇಡಿ, ಹಂಗೇ ಇರ್ಲಿ" ಅಂದಳು. ಕನ್ನಡಕ ಏರಿಸಿ ಹೆಬ್ಬೆಟ್ಟನ್ನು ಬೆಳಕಿಗೆ ತಿರುಗಿಸಿದಳು. ಆಮೇಲೆ ನಗುತ್ತಾ ಸರ್ವಮಂಗಳಮ್ಮನ ಕಣ್ಣ ಮುಂದೆ ಹಿಡಿದಳು.

"ಎಲ್ಲಿ ನಿಂತಿದೆ, ಸರಿಯಾಗಿ ನೋಡಿ."

ಎಳೆ ಉಗುರಿನ ಮೇಲೆ ಇರಲೇ ಇಲ್ಲ. ಉಗುರನ್ನು ದಾಟಿ, ಪಕ್ಕದ ಚರ್ಮದಲ್ಲಿ, ವರ್ಷಗಟ್ಟಲೆ ಸೂಜಿ ಉಜ್ಜಿ ಉಜ್ಜಿ ಒಡೆದ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಸರ್ವಮಂಗಳಮ್ಮ ನಂಬದೆ ಎಳೆ ಬಿಡಿಸಿ ಮತ್ತೆ ಎಳೆದರು. ಬಣ್ಣದ ಮೇಲೆ ಜಾರಿತು, ಬಿರುಕಿನಲ್ಲಿ ನಿಂತಿತು.

"ಅಂದ್ರೆ ಇಷ್ಟು ವರ್ಷ ನಮ್ಮನೆ ಸೀರೆಗಳೆಲ್ಲ ಈ ಹೆಬ್ಬೆಟ್ಟಿನ ಮೇಲೇ ಹಾದು ಬಂದಿದ್ದಾ?"

"ಮತ್ತಿನ್ಯಾರ ಹೆಬ್ಬೆಟ್ಟು? ಒಂದಾದ್ರೂ ಎಳೆ ಎದ್ದಿತ್ತಾ, ಹೇಳಿ."

ಸರ್ವಮಂಗಳಮ್ಮ ಯೋಚಿಸಿದರು. ತಮ್ಮದು, ತಂಗಿಯದು, ಹಿರಿಮಗಳದು. "ಇಲ್ಲ ಕಣ್ರೀ. ಸುಳ್ಳು ಯಾಕೆ ಹೇಳ್ಲಿ."

"ಬಿರುಕು ಎಲ್ಲಿದೆ ಅಂತ ಕೈಗೆ ಗೊತ್ತು. ದಾರ ಬಂದಾಗ ತಾನೇ ಓರೆ ಮಾಡ್ಕೊಳ್ಳುತ್ತೆ. ಆ ಬಿರುಕಿನಿಂದ್ಲೇ ಸೀರೆ ಕಾಪಾಡ್ಕೊಂಡು ಬಂದ ಕೈ, ಈ ಉಗುರಿನಿಂದ ಕಾಪಾಡಲ್ವ? ಬಣ್ಣ ಹಚ್ಚಿದ ಜಾಗವೇ ನನ್ನ ಕೈಯಲ್ಲಿ ಎಲ್ಲಕ್ಕಿಂತ ನುಣ್ಣಗಿರೋದು."

ಬಾಗಿಲಲ್ಲಿದ್ದ ಹುಚ್ಚಣ್ಣ ಕೆಮ್ಮಿದ ಹಾಗೆ ನಕ್ಕ. ಸರ್ವಮಂಗಳಮ್ಮ ಆ ಬೆರಳುಗಳನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ನಂತರ ಎದೆಗೊತ್ತಿಕೊಂಡಿದ್ದ ಸೀರೆಯನ್ನು ತಾವೇ ಬಿಚ್ಚಿ, ಸೆರಗು ಹುಡುಕಿ ಪ್ರೇಮಮ್ಮನ ಮಡಿಲಿಗೆ ಹರಡಿದರು.

"ಕಟ್ಟಿ. ಮಣಿ ನೀವೇ ಆರಿಸಿ, ನಾನು ಬಾಯಿ ಹಾಕಲ್ಲ. ಆದ್ರೆ ಒಂದು ಮಾತು ಕೇಳಿ ಪ್ರೇಮಮ್ಮ."

"ಏನ್ರೀ?"

"ಆ ಹೆಬ್ಬೆಟ್ಟಿಗೆ ಮಲಗೋ ಮುಂಚೆ ಸ್ವಲ್ಪ ತುಪ್ಪ ಸವರಿಕೊಳ್ರಿ. ಅಷ್ಟು ಚೆಂದದ ಬಣ್ಣದ ಪಕ್ಕದಲ್ಲೇ ಕೂತು ಅದರ ಮರ್ಯಾದೆ ತೆಗೀತಾ ಇದೆ."